‘ಒಂದು ಸ್ಟಾಪ್ ಕಮ್ಮಿ ಮಾಡು’ ಅಂದರೆ ಏನನ್ನು ಕಮ್ಮಿ ಮಾಡಬೇಕು?

ಪ್ರಶ್ನೆ: ಡಿಗ್ರಿ ಮುಗಿಸಿ, ನಮ್ಮೂರಲ್ಲಿ ಮದುವೆ ಫೋಟೋ ತೆಗೆಯುವ ಅಣ್ಣನೊಬ್ಬರ ಹತ್ತಿರ ಸಹಾಯಕಿಯಾಗಿ ಸೇರಿ ಆರು ತಿಂಗಳಾಯಿತು. ಕೆಲಸದ ನಡುವೆ ಅವರು ‘ಒಂದು ಸ್ಟಾಪ್ ಕಮ್ಮಿ ಮಾಡಮ್ಮ’ ಅನ್ನುತ್ತಾರೆ. ಅದಕ್ಕೆ ಒಂದು ಸಲ ಶಟರ್ ತಿರುಗಿಸಬೇಕು, ಇನ್ನೊಂದು ಸಲ ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಓ, ಮತ್ತೊಂದು ಸಲ ಫ್ಲ್ಯಾಶ್‌ನ ಗುಂಡಿ. ಎಲ್ಲಕ್ಕೂ ಒಂದೇ ಮಾತು. ಸ್ಟಾಪ್ ಅಂದರೆ ನಿಲ್ಲು ಅಂತಲ್ಲವೇ? ಲೆನ್ಸ್‌ನ 2.8, 5.6, 11 ಎಂಬ ವಿಚಿತ್ರ ಅಂಕಿಗಳಿಗೂ ಇದಕ್ಕೂ ಏನು ಸಂಬಂಧ? ಇದಕ್ಕೆ ಕನ್ನಡದಲ್ಲಿ ಪದ ಇದೆಯೇ? ಗಡಿಬಿಡಿಯಲ್ಲಿ ಅವರನ್ನೇ ಕೇಳೋಣವೆಂದರೆ ಸಂಕೋಚವಾಗುತ್ತದೆ.

ಉತ್ತರ: ನಿಮ್ಮ ಅಣ್ಣ ಮೂರು ಸಲವೂ ಸರಿಯಾಗಿಯೇ ಹೇಳಿದ್ದಾರೆ. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟಾಗಬೇಕು. ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧಕ್ಕೆ ಇಳಿಯಬೇಕು. ಆ ಮಾತಿಗೆ ಇರುವ ಅರ್ಥ ಇಷ್ಟೇ. ಅದನ್ನು ಯಾವ ಗುಂಡಿಯಿಂದ ಮಾಡುತ್ತೀರಿ ಎನ್ನುವುದು ಬೇರೆ ಮಾತು. ಶಟರ್‌ನಿಂದ ಅರ್ಧ ಮಾಡಿದರೂ ಒಂದು ಸ್ಟಾಪ್, ಲೆನ್ಸ್‌ನ ಕಿಂಡಿಯಿಂದ ಮಾಡಿದರೂ ಒಂದು ಸ್ಟಾಪ್, ಫ್ಲ್ಯಾಶ್‌ನಿಂದ ಮಾಡಿದರೂ ಒಂದು ಸ್ಟಾಪ್.

ಅಜ್ಜಿಯ ಮನೆಯ ಅಟ್ಟದಲ್ಲಿ ಹಳೆಯ ಅಳತೆಯ ಪಾತ್ರೆಗಳಿದ್ದರೆ ಒಮ್ಮೆ ಇಳಿಸಿ ನೋಡಿ. ಸೇರು. ಅದರ ಅರ್ಧ ಅಚ್ಚೇರು. ಅಚ್ಚೇರಿನ ಅರ್ಧ ಪಾವು. ಪಾವಿನ ಅರ್ಧ ಅರೆಪಾವು, ಅರೆಪಾವಿನ ಅರ್ಧ ಚಟಾಕು. ಸೇರಿನಿಂದ ಚಟಾಕಿಗೆ ಬರೀ ನಾಲ್ಕು ಹೆಜ್ಜೆ, ಆದರೆ ಅಕ್ಕಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಸ್ಟಾಪ್ ಎಂಬುದು ಬೆಳಕಿನ ಲೋಕದ ಸೇರು–ಪಾವಿನ ಲೆಕ್ಕ. ನಾಲ್ಕು ಸ್ಟಾಪ್ ಕಮ್ಮಿ ಅಂದರೆ ಬೆಳಕು ನಾಲ್ಕು ಪಾಲಿಗಲ್ಲ, ಹದಿನಾರು ಪಾಲಿಗೆ ಒಂದಾಗಿ ಇಳಿಯುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎರಡು ಸ್ಟಾಪ್ ಅಂದರೆ ಒಂದರ ‘ಡಬಲ್’ ತಾನೇ ಎಂದುಕೊಳ್ಳುತ್ತಾರೆ. ಎರಡು ಸ್ಟಾಪ್ ಅಂದರೆ ನಾಲ್ಕರಷ್ಟು, ಮೂರು ಅಂದರೆ ಎಂಟರಷ್ಟು.

ಹತ್ತು, ಇಪ್ಪತ್ತು, ಮೂವತ್ತು ಎಂದು ಕೂಡಿಸುತ್ತಾ ಹೋಗುವ ಬದಲು ಹೀಗೆ ಇಮ್ಮಡಿಸುವ ಲೆಕ್ಕ ಯಾಕೆ? ನಮ್ಮ ಕಣ್ಣೇ ಹಾಗಿದೆ. ಕರೆಂಟ್ ಹೋದ ರಾತ್ರಿ ಒಂದು ಮೇಣದಬತ್ತಿ ಉರಿಯುತ್ತಿರುತ್ತದೆ. ಇನ್ನೊಂದನ್ನು ಹಚ್ಚಿದರೆ ಕೋಣೆ ಬೆಳಗಿದ್ದು ಎಲ್ಲರಿಗೂ ತಿಳಿಯುತ್ತದೆ. ಅದೇ ನೂರು ಬಲ್ಬ್ ಉರಿಯುವ ಛತ್ರದಲ್ಲಿ ನೂರೊಂದನೆಯ ಬಲ್ಬ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಎರಡನೇ ಮೇಣದಬತ್ತಿ ತಂದಷ್ಟೇ ಬದಲಾವಣೆ ಛತ್ರದಲ್ಲಿ ಕಾಣಬೇಕಾದರೆ ಇನ್ನೂ ನೂರು ಬಲ್ಬ್ ಬೇಕು. ಕಣ್ಣು ಗಮನಿಸುವುದು ಎಷ್ಟು ಪಾಲು ಹೆಚ್ಚಾಯಿತು ಎಂಬುದನ್ನು, ಎಷ್ಟು ಸೇರಿತು ಎಂಬುದನ್ನಲ್ಲ. ಕತ್ತಲ ಕೋಣೆಯಿರಲಿ, ಮಧ್ಯಾಹ್ನದ ಬಯಲಿರಲಿ, ಒಂದು ಸ್ಟಾಪ್ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಅಳತೆಯ ಹೆಜ್ಜೆಯಾಗಿ ಕಾಣುತ್ತದೆ.

ಈಗ ಹೆಸರಿನ ವಿಷಯ. ನಿಲ್ಲು ಎಂಬ ಅರ್ಥವನ್ನು ಬಿಟ್ಟು ತಡೆ ಎಂಬ ಅರ್ಥ ಹಿಡಿಯಿರಿ. ಬೆಳಕನ್ನು ಅಡ್ಡಗಟ್ಟುವ ವಸ್ತುವಿಗೆ ದೃಗ್ವಿಜ್ಞಾನದಲ್ಲಿ ಇವತ್ತಿಗೂ ಸ್ಟಾಪ್ ಎಂದೇ ಹೆಸರು. 1858ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಜಾನ್ ವಾಟರ್‌ಹೌಸ್ ಎಂಬುವವರು ಒಂದು ಸರಳ ಉಪಾಯ ತಂದರು. ಲೆನ್ಸ್‌ನ ಹಿತ್ತಾಳೆ ಕೊಳವೆಯಲ್ಲಿ ಒಂದು ಸೀಳು. ಒಂದೊಂದರಲ್ಲೂ ಒಂದೊಂದು ಗಾತ್ರದ ತೂತು ಕೊರೆದ ಲೋಹದ ತಗಡುಗಳ ಕಟ್ಟು. ಬೆಳಕು ಜಾಸ್ತಿಯಿದ್ದರೆ ಚಿಕ್ಕ ತೂತಿನ ತಗಡನ್ನು ಆ ಸೀಳಿನಲ್ಲಿ ಇಳಿಬಿಡುವುದು, ಕಮ್ಮಿಯಿದ್ದರೆ ಅದನ್ನು ತೆಗೆದು ದೊಡ್ಡ ತೂತಿನದನ್ನು ಹಾಕುವುದು. ಅವು ‘ವಾಟರ್‌ಹೌಸ್ ಸ್ಟಾಪ್’ ಎಂದೇ ಹೆಸರಾದವು. ಮುಂದೆ ತೂತುಗಳನ್ನು ಒಂದಕ್ಕಿಂತ ಒಂದು ಅರ್ಧದಷ್ಟು ಬೆಳಕು ಬಿಡುವಂತೆ ಸಾಲಾಗಿ ಇಡುವ ರೂಢಿ ಗಟ್ಟಿಯಾಯಿತು. ತಗಡಿನ ಹೆಸರು ಅಳತೆಗೂ ಅಂಟಿಕೊಂಡಿತು. ನಮ್ಮಲ್ಲಿ ಪಾವು ಎಂದರೆ ಪಾತ್ರೆಯೂ ಹೌದು, ಅದರಲ್ಲಿ ಹಿಡಿಯುವ ಅಕ್ಕಿಯೂ ಹೌದು. ಇದೂ ಹಾಗೆಯೇ.

ಆ ತಗಡುಗಳು ಹೋಗಿ ಎಷ್ಟೋ ಕಾಲವಾಯಿತು. ಈಗಿನ ಲೆನ್ಸ್ ಒಳಗೆ ತೆಳುವಾದ ಎಲೆಗಳು ಒಂದರ ಮೇಲೊಂದು ಸರಿದು ಕಿಂಡಿಯನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಹಳೆಯ ಲೆನ್ಸ್‌ನ ಉಂಗುರ ತಿರುಗಿಸಿದರೆ ಪ್ರತಿ ಅಂಕಿಯ ಹತ್ತಿರ ಟಿಕ್ ಎಂದು ನಿಲ್ಲುತ್ತದಲ್ಲ, ಅದರಿಂದಲೇ ಈ ಹೆಸರು ಬಂತು ಎಂದು ಹೇಳುವವರಿದ್ದಾರೆ. ಅದು ತಪ್ಪು. ಹೆಸರು ಆ ಟಿಕ್‌ಗಿಂತ ಹಳೆಯದು.

ಕೆರೆಯ ತೂಬನ್ನು ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನೀರಗಂಟಿ ತೂಬನ್ನು ಎಷ್ಟು ತೆರೆದ, ಎಷ್ಟು ಹೊತ್ತು ತೆರೆದಿಟ್ಟ, ಇವೆರಡರಿಂದ ಗದ್ದೆಗೆ ಎಷ್ಟು ನೀರು ಹೋಯಿತೆಂದು ಗೊತ್ತಾಗುತ್ತದೆ. ಲೆನ್ಸ್‌ನ ಕಿಂಡಿ ತೂಬು, ಶಟರ್ ಅದನ್ನು ತೆರೆದಿಟ್ಟ ಹೊತ್ತು. ಅರ್ಧ ತೆರೆದು ಎರಡರಷ್ಟು ಹೊತ್ತು ಬಿಟ್ಟರೂ ಗದ್ದೆಗೆ ಬೀಳುವುದು ಅಷ್ಟೇ ನೀರು.

ಇನ್ನು ಆ ವಿಚಿತ್ರ ಅಂಕಿಗಳು: 1.4, 2, 2.8, 4, 5.6, 8, 11, 16, 22. ಇವುಗಳಲ್ಲಿ ಎರಡು ಗಂಟುಗಳಿವೆ, ಒಂದೊಂದಾಗಿ ಬಿಚ್ಚೋಣ.

ಮೊದಲನೆಯದು, ಅಂಕಿ ದೊಡ್ಡದಾದಂತೆ ಕಿಂಡಿ ಯಾಕೆ ಚಿಕ್ಕದಾಗುತ್ತದೆ ಎಂಬುದು. ಈ ಅಂಕಿಗಳನ್ನು ಮುಂದೆ ಎಫ್ ಸೇರಿಸಿ ಹೇಳುತ್ತಾರೆ. ಎಫ್ 8 ಎಂಬುದನ್ನು ಎಂಟು ಎಂದು ಓದಬೇಡಿ, ಎಂಟನೇ ಒಂದು ಎಂದು ಓದಿ. ಲೆನ್ಸ್‌ನ ಫೋಕಲ್ ಲೆಂತ್ ಅನ್ನು (ಲೆನ್ಸ್ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆ) ಎಂಟು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲ ಆ ಕಿಂಡಿಯದು. ನಮ್ಮ ಹಿರಿಯರು ಅರೆ, ಕಾಲು, ಅರೆಕಾಲು, ವೀಸ ಎಂದು ಎಣಿಸುತ್ತಿದ್ದರು. ಅರೆಕಾಲು ಅಂದರೆ ಎಂಟನೇ ಒಂದು, ವೀಸ ಅಂದರೆ ಹದಿನಾರನೇ ಒಂದು. ಎಫ್ 2 ಅರೆ, ಎಫ್ 4 ಕಾಲು, ಎಫ್ 8 ಅರೆಕಾಲು, ಎಫ್ 16 ವೀಸ. ಅರೆಗಿಂತ ವೀಸ ಚಿಕ್ಕದು ಎನ್ನುವುದರಲ್ಲಿ ಯಾರಿಗೂ ಗೊಂದಲವಿಲ್ಲ. ನಿಮ್ಮ ಹತ್ತಿರ 50 ಮಿ.ಮೀ. ಲೆನ್ಸ್ ಇದ್ದರೆ, ಎಫ್ 2ರಲ್ಲಿ ಕಿಂಡಿ 25 ಮಿ.ಮೀ., ಸರಿಸುಮಾರು ಐದು ರೂಪಾಯಿ ನಾಣ್ಯದಷ್ಟು. ಎಫ್ 8ರಲ್ಲಿ ಆರು ಮಿ.ಮೀ. ಚಿಲ್ಲರೆ, ಒಂದು ಕಡಲೆಕಾಳು. ಎಫ್ 16ಕ್ಕೆ ಬಂದರೆ ಮೂರು ಮಿ.ಮೀ., ಕೊತ್ತಂಬರಿ ಬೀಜ.

ಎರಡನೆಯದು, 2 ಆದ ಮೇಲೆ ನೇರವಾಗಿ 4 ಬರದೆ ನಡುವೆ 2.8 ಯಾಕೆ ಎಂಬುದು. ಕಿಂಡಿ ದುಂಡಗಿದೆ, ಬೆಳಕು ಬರುವುದು ಅದರ ಇಡೀ ವಿಸ್ತಾರದಿಂದ. ಹತ್ತು ಇಂಚು ಅಗಲದ ಜೋಳದ ರೊಟ್ಟಿಯ ಅರ್ಧದಷ್ಟು ರೊಟ್ಟಿ ಬೇಕೆಂದರೆ ಐದು ಇಂಚಿನದು ತಟ್ಟಿದರೆ ಆಗುವುದಿಲ್ಲ, ಅದು ಕಾಲು ಭಾಗವಷ್ಟೇ ಆಗುತ್ತದೆ. ಅರ್ಧ ಬೇಕೆಂದರೆ ಏಳು ಇಂಚಿನದು ತಟ್ಟಬೇಕು. ಏಳು ಏಳ್ಲಿ ನಲವತ್ತೊಂಬತ್ತು, ಹತ್ತು ಹತ್ಲಿ ನೂರು. ಅಗಲವನ್ನು ಎರಡರ ವರ್ಗಮೂಲದಿಂದ, ಅಂದರೆ ಸುಮಾರು 1.4ರಿಂದ, ಭಾಗಿಸಿದರೆ ವಿಸ್ತಾರ ಅರ್ಧವಾಗುತ್ತದೆ. ಆದ್ದರಿಂದಲೇ ಪ್ರತಿ ಅಂಕಿಯೂ ಹಿಂದಿನದರ 1.4ರಷ್ಟು. ನೆನಪಿಡುವುದು ಸುಲಭ: 1, 2, 4, 8, 16 ಒಂದು ಸಾಲು, 1.4, 2.8, 5.6, 11, 22 ಇನ್ನೊಂದು ಸಾಲು. ಎರಡೂ ತಮ್ಮ ಪಾಡಿಗೆ ಇಮ್ಮಡಿಯಾಗುತ್ತಾ ಹೋಗುತ್ತವೆ. ಜಡೆ ಹೆಣೆದಂತೆ ಇದರಿಂದೊಂದು, ಅದರಿಂದೊಂದು ತೆಗೆದು ಹೆಣೆದರೆ ಇಡೀ ಪಟ್ಟಿ ಸಿಕ್ಕಿತು. 5.6ರ ಇಮ್ಮಡಿ 11.2 ಅಲ್ಲವೇ ಎಂದರೆ ಹೌದು. ಉಂಗುರದ ಮೇಲೆ ಜಾಗ ಕಮ್ಮಿ, ಕತ್ತರಿಸಿ ಬರೆದಿದ್ದಾರೆ. ಶಟರ್‌ನಲ್ಲೂ 1/8 ಆದ ಮೇಲೆ 1/15, 1/60 ಆದ ಮೇಲೆ 1/125 ಎಂದಿರುವುದು ಹೀಗೆಯೇ.

ಈ ಲೆಕ್ಕವನ್ನು ನಾನು ಕಲಿತ ಬಗೆಯನ್ನು ಹೇಳುತ್ತೇನೆ. ಸ್ಟುಡಿಯೊ ಒಂದರಲ್ಲಿ ನಿಮ್ಮ ಹಾಗೆಯೇ ಹೊಸದಾಗಿ ಸೇರಿದ್ದೆ. ಗುರುಗಳ ಹತ್ತಿರ ಯಾಶಿಕಾ ಮ್ಯಾಟ್ ಎಂಬ ಫಿಲ್ಮ್ ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹೈಸ್ಕೂಲಿನ ಗ್ರೂಪ್ ಫೋಟೋ. ಮೇಲೆ ಮೋಡ ಬಂತು. ‘ಒಂದು ಸ್ಟಾಪ್ ಜಾಸ್ತಿ ಕೊಡೋ’ ಎಂದರು. ಕಿಂಡಿ 8ರಲ್ಲಿತ್ತು. ಜಾಸ್ತಿ ಎಂದರಲ್ಲ, ನಾನು ಹೆಬ್ಬೆರಳಲ್ಲಿ ಚಕ್ರ ಒತ್ತಿ 11ಕ್ಕೆ ತಂದೆ. ರೋಲ್ ಮುಗಿಯಿತು. ಮಾರನೆಯ ದಿನ ತೊಳೆದು ಒಣಗಲು ಹಾಕಿದ ನೆಗೆಟಿವ್ ಅನ್ನು ಗುರುಗಳು ಕಿಟಕಿಯ ಬೆಳಕಿಗೆ ಹಿಡಿದರು. ಮಕ್ಕಳ ಬಿಳಿ ಅಂಗಿಗಳು ಮಾತ್ರ ಕಪ್ಪಗೆ ಮೂಡಿದ್ದವು. ಮುಖಗಳ ಜಾಗದಲ್ಲಿ ಫಿಲ್ಮ್ ಗಾಜಿನ ಹಾಗೆ ತೆಳ್ಳಗಿತ್ತು. ಅವರು ಬೈಯಲಿಲ್ಲ. ‘ಎರಡು ಸ್ಟಾಪ್ ತೆಳು’ ಎಂದಷ್ಟೇ ಹೇಳಿ, ತೆಳು ನೆಗೆಟಿವ್‌ನಿಂದಲೂ ಕಪ್ಪು–ಬಿಳುಪನ್ನು ಎದ್ದು ಕಾಣಿಸುವ ಹಾರ್ಡ್ ಪೇಪರ್ ಪೊಟ್ಟಣ ಹುಡುಕಲು ಹೋದರು. ನಾನು ತಪ್ಪಿದ್ದು ಒಂದು ಸ್ಟಾಪ್ ತಾನೇ, ಎರಡು ಎಂದು ಯಾಕೆ ಅಂದರು ಎಂದು ರಾತ್ರಿಯೆಲ್ಲ ಯೋಚಿಸಿದೆ. ಹೋಗಬೇಕಿದ್ದದ್ದು 5.6ಕ್ಕೆ, ಹೋದದ್ದು 11ಕ್ಕೆ. ನಡುವೆ 8 ಕೂತಿದೆ. ಎರಡು ಹೆಜ್ಜೆ. ಮಕ್ಕಳ ಮುಖಕ್ಕೆ ಸಿಗಬೇಕಿದ್ದ ಬೆಳಕಿನಲ್ಲಿ ಕಾಲು ಭಾಗ ಮಾತ್ರ ಫಿಲ್ಮ್‌ಗೆ ಸಿಕ್ಕಿತ್ತು. ಹಾರ್ಡ್ ಪೇಪರ್‌ನಲ್ಲಿ ಪ್ರಿಂಟ್ ಹಾಕಿದರೂ ಕೊನೆಯ ಸಾಲಿನ ಹುಡುಗರ ಕಣ್ಣುಗಳು ಬರೀ ಕಪ್ಪು ಗುಳಿಗಳಾಗಿಯೇ ಉಳಿದವು.

ಅಂದಿನಿಂದ ನಾನು ಕಮ್ಮಿ, ಜಾಸ್ತಿ ಎಂದು ಬರಿದೇ ಹೇಳುವುದಿಲ್ಲ. ‘ಬೆಳಕು ಒಂದು ಸ್ಟಾಪ್ ಕಮ್ಮಿ’ ಎನ್ನುತ್ತೇನೆ. ನೀವೂ ಅಣ್ಣನಿಗೆ ತಿರುಗಿ ಹಾಗೆಯೇ ಹೇಳಿ: ‘ಬೆಳಕು ಕಮ್ಮಿ ಮಾಡ್ಲಾ ಅಣ್ಣ?’ ಅಂಕಿಯ ಬಗ್ಗೆ ಹೇಳಿದರೋ ಬೆಳಕಿನ ಬಗ್ಗೆ ಹೇಳಿದರೋ ಎಂಬ ಅನುಮಾನ ಅಲ್ಲಿಗೇ ತೀರುತ್ತದೆ. ಅದನ್ನು ಕೇಳಲು ಸಂಕೋಚ ಬೇಡ. ಮುಹೂರ್ತ ಇನ್ನೊಂದು ಸಲ ಬರುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಡಿಜಿಟಲ್ ಕ್ಯಾಮೆರಾಕ್ಕೆ ಬರೋಣ. ಬಹುತೇಕ ಕ್ಯಾಮೆರಾಗಳಲ್ಲಿ ಡಯಲ್‌ನ ಒಂದು ಟಿಕ್ ಅಂದರೆ ಒಂದು ಸ್ಟಾಪ್ ಅಲ್ಲ, ಅದರ ಮೂರನೇ ಒಂದು ಪಾಲು. ಮೂರು ಟಿಕ್‌ಗೆ ಒಂದು ಸ್ಟಾಪ್. (ಮೆನುವಿನಲ್ಲಿ ಇದನ್ನು ಅರ್ಧ ಸ್ಟಾಪ್‌ಗೆ ಬದಲಿಸಿರುವವರೂ ಇದ್ದಾರೆ, ಮೊದಲೇ ನೋಡಿಕೊಳ್ಳಿ.) ಕಣ್ಣು ವ್ಯೂಫೈಂಡರ್‌ನಲ್ಲಿದ್ದಾಗ ಅಂಕಿ ಓದುತ್ತಾ ಕೂರುವುದಕ್ಕಿಂತ ಬೆರಳಿನಲ್ಲಿ ಟಿಕ್ ಎಣಿಸುವುದೇ ಬೇಗ ಆಗುತ್ತದೆ. ಅನುಭವಸ್ಥರೆಲ್ಲ ಮಾಡುವುದು ಅದನ್ನೇ.

ಒಂದು ಧಾರೆಯ ಹೊತ್ತು ತೆಗೆದುಕೊಳ್ಳೋಣ. ವಿಡಿಯೊದವರ ದೀಪ ಉರಿಯುತ್ತಿದೆ, ನೀವು ಫ್ಲ್ಯಾಶ್ ಇಲ್ಲದೆ ತೆಗೆಯುತ್ತಿದ್ದೀರಿ. ಎಫ್ 4, ಶಟರ್ 1/125, ಐಎಸ್‌ಓ 1600. ಬೆಳಕು ಹದವಾಗಿದೆ. ಇನ್ನೇನು ಅಂತರಪಟ ಇಳಿಯುತ್ತದೆ, ಗಟ್ಟಿಮೇಳ ಶುರುವಾಗುತ್ತದೆ, ಅಕ್ಷತೆ ಹಾರುತ್ತದೆ. ಅಕ್ಕಿ ಕಾಳು ಗೆರೆಯಾಗಿ ಎಳೆಯದೆ ಕಾಳಾಗಿಯೇ ಕಾಣಬೇಕು. 1/500 ಬೇಕು. ಶಟರ್ ಡಯಲ್ ಆರು ಟಿಕ್: 160, 200, 250, 320, 400, 500. ಎರಡು ಸ್ಟಾಪ್ ಬೆಳಕು ಹೋಯಿತು. ಅದನ್ನು ಎಲ್ಲಿಂದಲಾದರೂ ತುಂಬಬೇಕು. ಕಿಂಡಿಯನ್ನು ಮೂರು ಟಿಕ್ ತೆರೆದು 2.8ಕ್ಕೆ ತಂದರೆ ಒಂದು ಸ್ಟಾಪ್ ಬಂತು. ಐಎಸ್‌ಓ ಮೂರು ಟಿಕ್ ಏರಿಸಿ 3200 ಮಾಡಿದರೆ ಇನ್ನೊಂದು. ಆರು ಕೊಟ್ಟು, ಮೂರು ಮತ್ತು ಮೂರು ವಾಪಸ್ ತೆಗೆದುಕೊಂಡಿರಿ. ಚಿತ್ರದ ಬೆಳಕು ಮೊದಲಿನಷ್ಟೇ ಇದೆ. ಒಂದೇ ಮಾತಿಗೆ ನಿಮ್ಮ ಅಣ್ಣ ಮೂರು ಗುಂಡಿ ಮುಟ್ಟುವುದು ಇದಕ್ಕೆ. ಸ್ಟಾಪ್ ಎಂಬುದು ಆ ಮೂರರ ನಡುವೆ ಓಡಾಡುವ ಚಲಾವಣೆಯ ನಾಣ್ಯ.

ಆದರೆ ಯಾವ ಗುಂಡಿಯಾದರೂ ಒಂದೇ ಎಂದುಕೊಳ್ಳಬೇಡಿ. ಬೆಳಕಿನ ಲೆಕ್ಕಕ್ಕೆ ಮಾತ್ರ ಅವು ಸಮ. ಕಿಂಡಿ ತೆರೆದರೆ ಫೋಕಸ್ ಆಗುವ ಆಳ ಕಮ್ಮಿಯಾಗಿ, ವಧು ಸ್ಪಷ್ಟವಾಗಿ ಬಂದು ಪಕ್ಕದ ಸೋದರಮಾವ ಮಸುಕಾಗಬಹುದು. ಶಟರ್ ನಿಧಾನ ಮಾಡಿದರೆ ಕೈ ಅಲುಗಿದ್ದು, ಅವರು ಅಲುಗಿದ್ದು ಎರಡೂ ದಾಖಲಾಗುತ್ತದೆ. ಐಎಸ್‌ಓ ಏರಿಸಿದರೆ ಕಪ್ಪು ಕೂದಲಿನಲ್ಲಿ, ನೆರಳಿನಲ್ಲಿ ಮರಳು ಚೆಲ್ಲಿದಂತೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಐಎಸ್‌ಓ ಏರಿಸಿದಾಗ ಹೊಸ ಬೆಳಕೇನೂ ಒಳಗೆ ಬರುವುದಿಲ್ಲ, ಬಂದ ಅಷ್ಟನ್ನೇ ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ. ಬೆಳಕು ಸಿಗುವಲ್ಲೆಲ್ಲ ಕಿಂಡಿ ಮತ್ತು ಶಟರ್‌ನಿಂದ ತೆಗೆದುಕೊಂಡು, ಐಎಸ್‌ಓ ಕೊನೆಗೆ ಮುಟ್ಟಿ ಎನ್ನುವುದು ನನ್ನ ಪದ್ಧತಿ. ಹಾಗೆಂದು ಐಎಸ್‌ಓಗೆ ಹೆದರಿ ಶಟರ್ ನಿಧಾನ ಮಾಡುವುದೂ ಬೇಡ. ಮರಳು ಚೆಲ್ಲಿದ ಫೋಟೋವನ್ನು ಮನೆಯವರು ಆಲ್ಬಂನಲ್ಲಿ ಇಟ್ಟುಕೊಳ್ಳುತ್ತಾರೆ, ಅಲುಗಿದ ಫೋಟೋವನ್ನು ಇಟ್ಟುಕೊಳ್ಳುವುದಿಲ್ಲ.

ಫ್ಲ್ಯಾಶ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು, ಯಾಕೆಂದರೆ ಮದುವೆ ಕೆಲಸದ ಮುಕ್ಕಾಲು ಪಾಲು ಅದರಲ್ಲೇ ಇದೆ. ಫ್ಲ್ಯಾಶ್‌ನ ಹಿಂದಿನ ಪರದೆಯಲ್ಲಿ 1/1, 1/2, 1/4, 1/8, 1/16 ಎಂದು ಇರುತ್ತದೆ. ಮತ್ತೆ ಅದೇ ಅರೆ, ಕಾಲು, ಅರೆಕಾಲು, ವೀಸ. ಒಂದೊಂದು ಮೆಟ್ಟಿಲೂ ಒಂದು ಸ್ಟಾಪ್. ದೂರಕ್ಕೂ ಸ್ಟಾಪ್ ಇದೆ: ಫ್ಲ್ಯಾಶ್‌ನಿಂದ ಎರಡರಷ್ಟು ದೂರ ಹೋದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. 1.4ರಷ್ಟು ದೂರಕ್ಕೆ ಒಂದು ಸ್ಟಾಪ್. ಹಾಗಾಗಿ ಕಿಂಡಿಯ ಅಂಕಿಗಳನ್ನೇ ಮೀಟರ್ ಎಂದು ಓದಿಕೊಳ್ಳಬಹುದು. 2 ಮೀಟರ್, 2.8 ಮೀಟರ್, 4 ಮೀಟರ್, 5.6 ಮೀಟರ್: ಪ್ರತಿ ಹೆಜ್ಜೆಗೂ ಒಂದು ಸ್ಟಾಪ್ ಬೆಳಕು ಬೀಳುತ್ತದೆ. ಇದು ನನಗೆ ಮೊದಲ ಸಲ ಹೊಳೆದ ದಿನ ಆದ ಸಂತೋಷ ಇನ್ನೂ ನೆನಪಿದೆ.

ಇದರಿಂದ ಏನು ಉಪಯೋಗ? ಗ್ರೂಪ್ ಫೋಟೋದಲ್ಲಿ ಮುಂದೆ ಕೂತ ಅಜ್ಜ–ಅಜ್ಜಿ ಬಿಳಿಚಿಕೊಂಡು, ಹಿಂದೆ ನಿಂತ ಹುಡುಗರು ಕತ್ತಲಲ್ಲಿ ಮುಳುಗುತ್ತಾರಲ್ಲ, ಅದಕ್ಕೆ ಇದೇ ಔಷಧ. ಮುಂದಿನ ಸಾಲು 2 ಮೀಟರ್, ಹಿಂದಿನ ಸಾಲು 2.8 ಮೀಟರ್ ಇದ್ದರೆ ಇಬ್ಬರ ನಡುವೆ ಪೂರ್ತಿ ಒಂದು ಸ್ಟಾಪ್ ಅಂತರ. ಫ್ಲ್ಯಾಶ್ ಹಿಡಿದು 4 ಮೀಟರ್‌ಗೆ ಹಿಂದೆ ಸರಿಯಿರಿ. ಈಗ ಮುಂದಿನವರು 4, ಹಿಂದಿನವರು 4.8. ಅಂತರ ಅರ್ಧ ಸ್ಟಾಪ್ ಆಸುಪಾಸಿಗೆ ಇಳಿಯಿತು. ಸರಿದಿದ್ದಕ್ಕೆ ಎರಡು ಸ್ಟಾಪ್ ಬೆಲೆ ಕೊಡಬೇಕು: ಅರೆಕಾಲಿನಲ್ಲಿದ್ದ ಫ್ಲ್ಯಾಶ್ ಅನ್ನು ಅರೆಗೆ ಏರಿಸಿ.

ಇನ್ನೊಂದು ವಿಷಯವಿದೆ. ಫ್ಲ್ಯಾಶ್ ಹೊಡೆದಾಗ ಶಟರ್ ಒಂದು ಸ್ಟಾಪ್ ಬದಲಿಸಿದರೆ ಮುಖದ ಮೇಲಿನ ಬೆಳಕು ಬದಲಾಗುವುದಿಲ್ಲ. ಫ್ಲ್ಯಾಶ್ ಮಿಂಚಿ ಹೋಗುವ ಹೊತ್ತು ಶಟರ್ ತೆರೆದಿರುವ ಹೊತ್ತಿಗಿಂತ ತೀರಾ ಚಿಕ್ಕದು. ಬದಲಾಗುವುದು ಹಿಂದಿನ ಮಂಟಪದ ಹೂವು, ಸೀರಿಯಲ್ ಸೆಟ್ ದೀಪ ಮಾತ್ರ. ನಿಮ್ಮ ಅಣ್ಣ ಫ್ಲ್ಯಾಶ್ ಹಾಕಿಕೊಂಡು ‘ಶಟರ್ ಒಂದು ಸ್ಟಾಪ್ ನಿಧಾನ’ ಎಂದರೆ ಅವರಿಗೆ ಬೇಕಿರುವುದು ಹಿನ್ನೆಲೆ. ‘ಫ್ಲ್ಯಾಶ್ ಒಂದು ಸ್ಟಾಪ್ ಕಮ್ಮಿ’ ಎಂದರೆ ಬೇಕಿರುವುದು ಮುಖ. ಯಾವ ಸ್ಟಾಪ್ ಹೇಳಿದರು ಎಂಬುದರಿಂದಲೇ ಅವರ ಮನಸ್ಸಿನಲ್ಲಿರುವ ಚಿತ್ರವನ್ನು ಊಹಿಸಬಹುದು.

ಕೆಲಸದ ಜಾಗದಲ್ಲಿ ಈ ಪದ ಇನ್ನೂ ಕೆಲವು ರೂಪದಲ್ಲಿ ಕಿವಿಗೆ ಬೀಳುತ್ತದೆ. ‘ಅರ್ಧ ಸ್ಟಾಪ್ ಅಂಡರ್’ ಅಂದರೆ ಬೇಕಾದ್ದಕ್ಕಿಂತ ಅಷ್ಟು ಕತ್ತಲು, ‘ಓವರ್’ ಅದರ ಉಲ್ಟಾ. ‘ಸ್ಟಾಪ್ ಡೌನ್ ಮಾಡು’ ಅಂದರೆ ಕಿಂಡಿ ಚಿಕ್ಕದು ಮಾಡು ಎಂದು ಮಾತ್ರ, ಅಲ್ಲಿ ಶಟರ್ ಮುಟ್ಟಬಾರದು. ‘ವೈಡ್ ಓಪನ್’ ಅಂದರೆ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟೂ. ಕ್ಯಾಮೆರಾ ಜಾಹೀರಾತಿನಲ್ಲಿ ‘ನಾಲ್ಕು ಸ್ಟಾಪ್ ಸ್ಟೆಬಿಲೈಸೇಷನ್’ ಎಂದಿದ್ದರೆ, ನಿಮ್ಮ ಕೈ 1/125ರಲ್ಲಿ ಅಲುಗದೆ ಹಿಡಿಯಬಲ್ಲದಾದರೆ 1/8ರವರೆಗೂ ಹಿಡಿಯಬಹುದು ಎಂಬ ಭರವಸೆ. ಓಡಾಡುವ ಮಗುವಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಜೋಗದ ನೀರನ್ನು ಹಾಲಿನ ಹಾಗೆ ತೋರಿಸುವ ಚಿತ್ರಗಳಿಗೆ ಲೆನ್ಸ್ ಮುಂದೆ ಕಪ್ಪು ಫಿಲ್ಟರ್ ಹಾಕುತ್ತಾರೆ. ಹತ್ತು ಸ್ಟಾಪ್ ಫಿಲ್ಟರ್ ಹಾಕಿದರೆ 1/30 ಸೆಕೆಂಡಿನ ಶಟರ್ 34 ಸೆಕೆಂಡಿಗೆ ಬಂದು ನಿಲ್ಲುತ್ತದೆ, ಯಾಕೆಂದರೆ ಹತ್ತು ಸಲ ಇಮ್ಮಡಿಸಿದರೆ 1024. ಮುಂದೆ ನೀವು ಸಿನಿಮಾ ಕಡೆ ಹೋದರೆ ಲೆನ್ಸ್ ಮೇಲೆ ಎಫ್ ಬದಲು ಟಿ ಎಂದು ಕಾಣುತ್ತದೆ. ಗಾಜಿನಲ್ಲಿ ಕಳೆದುಹೋಗುವ ಬೆಳಕನ್ನೂ ಕಳೆದು, ನಿಜವಾಗಿ ಒಳಗೆ ಬಂದದ್ದನ್ನು ಹೇಳುವ ಅಂಕಿ ಅದು.

ಆಟೋದಲ್ಲಿಟ್ಟರೆ ಕ್ಯಾಮೆರಾವೇ ನೋಡಿಕೊಳ್ಳುವುದಿಲ್ಲವೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಕ್ಯಾಮೆರಾದ ಮೀಟರ್ ಮೂಲದಲ್ಲಿ ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಬಣ್ಣ ಎಂದು ಭಾವಿಸುತ್ತದೆ, ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಮರಳಿಸುವ ಬೂದು. ಬಿಳಿ ಕಾಗದ ಶೇ 90ರಷ್ಟು ಮರಳಿಸುತ್ತದೆ. ಎರಡಕ್ಕೂ ನಡುವೆ ಎರಡೂಕಾಲು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಅಂತರ. ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ಬೆಳ್ಳಕ್ಕಿ ತೆಗೆಯುವವರು ಈ ಪಾಠವನ್ನು ಒಂದೇ ಬೆಳಗ್ಗೆ ಕಲಿಯುತ್ತಾರೆ. ಹಕ್ಕಿ ಚೌಕಟ್ಟಿನ ತುಂಬ ಇದ್ದರೆ ಮೀಟರ್ ಆ ಬಿಳುಪನ್ನು ಬೂದು ಮಾಡಲು ಹೊರಡುತ್ತದೆ, ನೀವು ಒಂದು ಸ್ಟಾಪ್ ಜಾಸ್ತಿ ಕೊಡಬೇಕು. ಅದೇ ಹಕ್ಕಿ ದೂರದಲ್ಲಿ ಕಡುಹಸಿರು ಮರದ ಮುಂದೆ ಚಿಕ್ಕದಾಗಿ ಕೂತಿದ್ದರೆ, ಮೀಟರ್ ಮರದ ಕತ್ತಲನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಉಂಡೆ ಮಾಡುತ್ತದೆ, ಅಲ್ಲಿ ಒಂದು ಸ್ಟಾಪ್ ಕಮ್ಮಿ ಮಾಡಬೇಕು. ‘ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್’ ಎಂದು ಬಾಯಿಪಾಠ ಮಾಡಿದವರು ಕೆಡುವುದು ಇಲ್ಲಿ. ಚೌಕಟ್ಟಿನಲ್ಲಿ ಯಾವುದು ಹೆಚ್ಚು ಜಾಗ ಹಿಡಿದಿದೆ ಎಂದು ನೋಡಿ. ಮದುವೆಯಲ್ಲೂ ಹಾಗೆಯೇ. ಬಿಳಿ ಪಂಚೆ, ಬಿಳಿ ಶಲ್ಯದ ವರನ ಪಕ್ಕ ಕಡುಗೆಂಪು ರೇಷ್ಮೆಯ ವಧು ನಿಂತಾಗ ಕ್ಯಾಮೆರಾ ಯಾರನ್ನು ನೋಡಿ ಲೆಕ್ಕ ಹಾಕಿತು ಎಂಬುದರ ಮೇಲೆ ಫೋಟೋ ನಿಂತಿದೆ. ಫಿಲ್ಮ್ ನೆಗೆಟಿವ್ ಒಂದೆರಡು ಸ್ಟಾಪ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತಿತ್ತು. ಡಿಜಿಟಲ್‌ನಲ್ಲಿ ಪಂಚೆಯ ಬಿಳುಪು ಒಮ್ಮೆ ಸುಟ್ಟು ಹೋದರೆ ನೆರಿಗೆಗಳು ಯಾವ ಎಡಿಟಿಂಗ್‌ನಲ್ಲೂ ವಾಪಸ್ ಬರುವುದಿಲ್ಲ. ನಾನು ಪಂಚೆಯನ್ನು ಉಳಿಸಿಕೊಂಡು ಸೀರೆಯನ್ನು ಆಮೇಲೆ ಸ್ವಲ್ಪ ಎತ್ತುತ್ತೇನೆ.

ಮೊಬೈಲ್‌ನಲ್ಲೂ ಇದೇ ಸ್ಟಾಪ್ ಇದೆ. ಪ್ರೊ ಮೋಡ್‌ನಲ್ಲಿ ಇವಿ ಎಂಬ ಪಟ್ಟಿಯ +1 ಅಂದರೆ ಒಂದು ಸ್ಟಾಪ್ ಜಾಸ್ತಿ, −1 ಅಂದರೆ ಒಂದು ಕಮ್ಮಿ. ಬಹುತೇಕ ಫೋನ್‌ಗಳಲ್ಲಿ ಕಿಂಡಿ ಬದಲಾಗುವುದಿಲ್ಲವಾದ್ದರಿಂದ ಫೋನ್ ಶಟರ್ ಮತ್ತು ಐಎಸ್‌ಓ ಎರಡರಲ್ಲೇ ಆಟವಾಡುತ್ತದೆ.

ಕನ್ನಡ ಪದದ ಬಗ್ಗೆ ಕೇಳಿದ್ದೀರಿ. ಅಪರ್ಚರ್‌ಗೆ, ಅಂದರೆ ನಾನು ಕಿಂಡಿ ಎನ್ನುತ್ತಾ ಬಂದದ್ದಕ್ಕೆ, ದ್ಯುತಿರಂಧ್ರ ಎಂದು ಬರೆಯುವವರಿದ್ದಾರೆ. ಸ್ಟಾಪ್‌ಗೆ ಕೆಲಸದ ಜಾಗದಲ್ಲಿ ಬಳಕೆಯಾಗುವ ಕನ್ನಡ ಪದ ನನ್ನ ಕಿವಿಗೆ ಬಿದ್ದಿಲ್ಲ. ಹುಟ್ಟಿಸಲೇಬೇಕೆಂಬ ಹಟವೂ ನನಗಿಲ್ಲ. ಬಸ್ಸು, ಬಲ್ಬು, ಕ್ಯಾಮೆರಾ ನಮ್ಮವಾದ ಹಾಗೆ ಸ್ಟಾಪ್ ಕೂಡ ನಮ್ಮದಾಗಿದೆ. ಆದರೆ ಅದನ್ನು ಕಲಿಸುವಾಗ ಕನ್ನಡದ್ದೇ ಲೆಕ್ಕ ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಮ್ಮಡಿ, ಅರೆ, ಕಾಲು, ಅರೆಕಾಲು, ವೀಸ ಎಂಬ ಪದಗಳು ನಮ್ಮಲ್ಲಿರುವಾಗ, ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ‘ಎಫ್ ನಂಬರ್ ದೊಡ್ಡದಾದ್ರೆ ಬೆಳಕು ಕಮ್ಮಿ, ಬಾಯಿಪಾಠ ಮಾಡ್ಕೋ’ ಎಂದು ಹೇಳಿಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈ ವಾರ ರಜೆಯ ದಿನ ಒಂದು ಕೆಲಸ ಮಾಡಿ. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ತೆಂಗಿನಕಾಯಿ ಇಡಿ, ಜುಟ್ಟು ಇರುವಂಥದ್ದು. ಕ್ಯಾಮೆರಾ ಸ್ಟ್ಯಾಂಡ್ ಮೇಲಿರಲಿ, ಐಎಸ್‌ಓ 400ಕ್ಕೆ ಕಟ್ಟಿಬಿಡಿ, ಮ್ಯಾನುಯಲ್ ಮೋಡ್. ಎಫ್ 4ರಲ್ಲಿ ಸರಿಯಾದ ಶಟರ್ ಕಂಡುಕೊಂಡು ಒಂದು ಫೋಟೋ ತೆಗೆಯಿರಿ. ಆಮೇಲೆ ಕಿಂಡಿಯನ್ನು ಮೂರು ಟಿಕ್ ಮುಚ್ಚಿ, ಶಟರ್ ಮೂರು ಟಿಕ್ ನಿಧಾನ ಮಾಡಿ: ಎಫ್ 5.6. ಮತ್ತೆ ಮೂರು, ಮತ್ತೆ ಮೂರು, ಎಫ್ 16ರವರೆಗೆ. ಅಂಕಿ ನೋಡದೆ ಬೆರಳಿನಲ್ಲೇ ಎಣಿಸಿ. ಐದು ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಯಿಯ ಮೇಲಿನ ಬೆಳಕು ಐದರಲ್ಲೂ ಒಂದೇ ಇರಬೇಕು, ಹಿಂದಿನ ಗೋಡೆಯ ಕ್ಯಾಲೆಂಡರ್ ಮಾತ್ರ ಮಸುಕಿನಿಂದ ಹೊರಗೆ ಬರುತ್ತಾ ಬರುತ್ತಾ ಕೊನೆಯದರಲ್ಲಿ ತಾರೀಖು ಓದುವ ಹಾಗಿರಬೇಕು. ಯಾವುದಾದರೂ ಒಂದು ಫೋಟೋ ಕಪ್ಪಾಗಿದ್ದರೆ ಅಥವಾ ಬಿಳಿಚಿದ್ದರೆ ಅಲ್ಲಿ ಟಿಕ್ ತಪ್ಪಿದೆ. ಎಷ್ಟು ತಪ್ಪಿದೆ ಎಂದು ಮೊದಲು ಕಣ್ಣಲ್ಲೇ ಅಂದಾಜು ಮಾಡಿ, ಆಮೇಲೆ ಅಂಕಿ ನೋಡಿ ಸರಿಯೇ ಎಂದು ತಾಳೆ ಹಾಕಿ.